ಕುಬುಸ ಮುಗಿಸಿ ತವರಿಗೆ ಹೊರಡುವ ಮುಂಚೆ: ಹೆರಿಗೆಗೆ ಊರು ಬದಲಾಗುವಾಗ ತಿಳಿದಿರಬೇಕಾದ್ದು

ಚೊಚ್ಚಲ ಹೆರಿಗೆ ತವರಲ್ಲಿ. ದಾವಣಗೆರೆ, ಚಿತ್ರದುರ್ಗ ಕಡೆ ಇದನ್ನು ಯಾರೂ ಕೂತು ತೀರ್ಮಾನ ಮಾಡುವುದಿಲ್ಲ, ತಾನಾಗಿ ನಡೆದುಹೋಗುತ್ತದೆ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಕುಬುಸ ಮಾಡಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಗಂಡನ ಮನೆ ದಾವಣಗೆರೆ ಪೇಟೆಯಲ್ಲಿ, ತವರು ಹೊಸದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ನೋಡಿದ ಡಾಕ್ಟರು, ರಕ್ತ ಕೊಟ್ಟ ಲ್ಯಾಬು, ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಎಲ್ಲರೂ ಇಲ್ಲೇ ಉಳಿಯುತ್ತಾರೆ. ಅಲ್ಲಿ ಎಲ್ಲವೂ ಹೊಸದು. ಅದೂ ಬಿಪಿ ಏರುವ, ರಕ್ತ ಕಡಿಮೆಯಾಗುವ, ಹೆರಿಗೆ ಯಾವಾಗ ಬೇಕಾದರೂ ಆಗಬಹುದಾದ ಕೊನೆಯ ತಿಂಗಳುಗಳಲ್ಲಿ.

ಈ ರೂಢಿಗೆ ಒಳ್ಳೆಯ ಕಾರಣ ಇದೆ. ಬಾಣಂತಿಗೆ ಬೇಕಾದ ನಿದ್ದೆ, ಊಟ, ಸಲುಗೆ ಅಮ್ಮನ ಮನೆಯಲ್ಲಿ ಸಿಕ್ಕಷ್ಟು ಬೇರೆ ಕಡೆ ಸಿಗುವುದು ಕಷ್ಟ. ಆದರೆ ಬಸುರಿ ಹೊರಟಾಗ ಅವಳ ಮಾಹಿತಿ ಎಷ್ಟೋ ಸಲ ಹಿಂದೆಯೇ ಉಳಿದುಬಿಡುತ್ತದೆ. ಅದನ್ನು ಜೊತೆಗೆ ಕಳಿಸುವುದು ಹೇಗೆ ಅನ್ನುವುದೇ ಈ ಲೇಖನ.

ಡೆಲಿವರಿ ಡೇಟು ಹೇಗೆ ಬರುತ್ತದೆ

ಡಾಕ್ಟರು ಮೊದಲು ಕೇಳುವುದು ಕೊನೆಯ ಸಲ ಮುಟ್ಟಾದ ಮೊದಲ ದಿನ ಯಾವುದು ಅಂತ. ಆ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸುತ್ತಾರೆ. ಜನವರಿ 10 ಆಗಿದ್ದರೆ ಅಕ್ಟೋಬರ್ 17. ಒಟ್ಟು 280 ದಿನ, ಅಂದರೆ 40 ವಾರ. ಹಿರಿಯರು ಹೇಳುವ ಒಂಬತ್ತು ತಿಂಗಳು ಒಂಬತ್ತು ದಿನಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಮುಟ್ಟಿನ ದಿನ ನೆನಪಿಲ್ಲದಿದ್ದರೆ, ಅಥವಾ ಮುಟ್ಟು ಸರಿಯಾಗಿ ಆಗುತ್ತಿರದಿದ್ದರೆ, ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಲೆಕ್ಕಕ್ಕೆ ಬರುತ್ತದೆ. ಆ ಹೊತ್ತಿಗೆ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತಿರುತ್ತವೆ, ಹಾಗಾಗಿ ವಯಸ್ಸು ಸರಿಯಾಗಿ ಗೊತ್ತಾಗುತ್ತದೆ. ಎಂಟನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಹಾಗಲ್ಲ. ಒಂದು ಮಗು ದಪ್ಪ, ಒಂದು ಸಣ್ಣ. ಅದಕ್ಕೇ ಕೊನೆಯ ಸ್ಕ್ಯಾನ್‌ನಲ್ಲಿ ಡೇಟು ಬೇರೆ ಬಂದರೆ ಗಾಬರಿ ಬೇಡ, ಮೊದಲ ಸ್ಕ್ಯಾನಿನದೇ ಹಿಡಿಯುತ್ತಾರೆ. ತವರಿಗೆ ಹೋಗುವಾಗ ಆ ಮೊದಲ ರಿಪೋರ್ಟು ಜೊತೆಗಿರಲೇಬೇಕು. ಹೊಸ ಡಾಕ್ಟರ ಹತ್ತಿರ ಅದು ಇಲ್ಲದಿದ್ದರೆ ದಿನ ತುಂಬಿದೆಯೋ ಇಲ್ಲವೋ ಅನ್ನುವುದೇ ಅಂದಾಜಾಗಿಬಿಡುತ್ತದೆ.

ಡೇಟು ಗೊತ್ತಾದ ಮೇಲೂ ಅದು ಹಳ್ಳಿ ಬಸ್ಸಿನ ಟೈಮ್ ಬೋರ್ಡ್ ಇದ್ದ ಹಾಗೆ. ಸ್ವಲ್ಪ ಹಿಂದೆ ಮುಂದೆ ಆಗುವುದೇ ಹೆಚ್ಚು. 37 ವಾರ ದಾಟಿದರೆ ದಿನ ತುಂಬಿದ ಹಾಗೆ. 40 ವಾರದ ಮೇಲೂ ನೋವು ಬಾರದಿದ್ದರೆ ಡಾಕ್ಟರು ಮಗುವಿನ ಚಲನೆ, ಸುತ್ತಲಿನ ನೀರು ನೋಡುತ್ತಾ ಎಷ್ಟು ದಿನ ಕಾಯಬಹುದು ಅಂತ ಹೇಳುತ್ತಾರೆ.

ಏಳರಲ್ಲಾ, ಒಂಬತ್ತರಲ್ಲಾ?

ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಅದು ನಿಜವಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರಕ್ಕೂ ಮಗುವಿನ ಶ್ವಾಸಕೋಶ, ಮೈಯ ಕೊಬ್ಬು, ಹಾಲು ಚೀಪುವ ಶಕ್ತಿ ಬೆಳೆಯುತ್ತಲೇ ಇರುತ್ತವೆ. ಎಂಟರ ಮಗುವಿಗೆ ಏಳರ ಮಗುವಿಗಿಂತ ಬಲ ಜಾಸ್ತಿ. ಎಂಟರಲ್ಲಿ ಪ್ರಯಾಣ ಮಾಡಬಾರದು ಅಂತಲೂ ವೈದ್ಯಕೀಯದಲ್ಲಿ ಇಲ್ಲ.

ನೋಡಬೇಕಾದ್ದು ಬೇರೆ. ಏಳು ತಿಂಗಳು ತುಂಬುತ್ತಿದ್ದಂತೆ ಹೋದರೆ ಅಲ್ಲಿಯ ಡಾಕ್ಟರು ಎರಡು ಮೂರು ಸಲವಾದರೂ ನೋಡುತ್ತಾರೆ, ಏನಾದರೂ ಹೆಚ್ಚುಕಡಿಮೆ ಇದ್ದರೆ ಸರಿಮಾಡಲು ಟೈಮ್ ಇರುತ್ತದೆ. 38ನೇ ವಾರದಲ್ಲಿ ಹೋಗಿ ಇಳಿದರೆ ಹೊಸ ಡಾಕ್ಟರು ಮೊದಲ ಸಲ ನೋಡುವುದೇ ನೋವು ಶುರುವಾದ ಮೇಲೆ ಆಗಬಹುದು. ನನ್ನನ್ನು ಕೇಳಿದರೆ 36 ವಾರಕ್ಕಿಂತ ಮುಂಚೆ ಹೋಗಿ ಸೇರುವುದು ಒಳ್ಳೆಯದು. ಮಾಸು ಕೆಳಗಿದೆ, ರಕ್ತ ಹೋಗಿತ್ತು, ಬಿಪಿ ಇದೆ, ಅವಳಿ ಮಕ್ಕಳಿವೆ ಅಂತಾದರೆ ಹೊರಡಬೇಕೋ ಬೇಡವೋ ಅಂತಲೇ ಡಾಕ್ಟರನ್ನು ಕೇಳಬೇಕು. ಕೆಲವರಿಗೆ ಅಮ್ಮನೇ ಇಲ್ಲಿಗೆ ಬಂದಿರುವುದು ವಾಸಿ.

ಬಸ್ಸಿನಲ್ಲಾದರೆ ಹಿಂದಿನ ಚಕ್ರದ ಮೇಲಿನ ಸೀಟು, ಕಡೇ ಸೀಟು ಬೇಡ, ಮಧ್ಯದಲ್ಲಿ ಕೂರಿ. ಕಾರಾದರೆ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರಬೇಕು, ಹೊಟ್ಟೆಯ ಮೇಲಲ್ಲ. ಹೈವೇಯಲ್ಲಿ ಎಷ್ಟೇ ಸುಖವಾಗಿ ಬಂದರೂ ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸಿ.

ತಾಯಿ ಕಾರ್ಡು

ಮುಟ್ಟು ನಿಂತು ಗರ್ಭ ಖಚಿತವಾದ ಮೇಲೆ, 12 ವಾರದೊಳಗೆ, ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಆಶಾ ಮೂಲಕವೋ ಹೆಸರು ಬರೆಸಿದರೆ ತಾಯಿ ಕಾರ್ಡು ಕೊಡುತ್ತಾರೆ. ಅದರಲ್ಲಿ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಊರು ಬದಲಾದರೂ ಅದೇ ಸಂಖ್ಯೆ. ತವರಲ್ಲಿ ಹೊಸದಾಗಿ ಇನ್ನೊಂದು ಕಾರ್ಡು ಮಾಡಿಸುವುದು ಬೇಡ, ಹಳೆಯದನ್ನೇ ತೋರಿಸಿ ಮುಂದುವರಿಸಿ ಅನ್ನಿ.

ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ, ಕಾರ್ಡು ಯಾಕೆ ಅನ್ನುವವರು ಪೇಟೆಯಲ್ಲಿ ಬಹಳ ಇದ್ದಾರೆ. ಯಾಕೆಂದರೆ ಖಾಸಗಿ ಆಸ್ಪತ್ರೆಯ ಫೈಲು ಆ ಆಸ್ಪತ್ರೆಗೆ ಮಾತ್ರ ಅರ್ಥವಾಗುವ ಕೈಬರಹದಲ್ಲಿರಬಹುದು. ಕಾರ್ಡಿನಲ್ಲಿ ಬಿಪಿಗೆ ಒಂದು ಜಾಗ, ತೂಕಕ್ಕೆ ಒಂದು ಜಾಗ, ಹಿಮೋಗ್ಲೋಬಿನ್‌ಗೆ ಒಂದು ಜಾಗ ಇರುತ್ತದೆ. ರಾತ್ರಿ ಎರಡು ಗಂಟೆಗೆ ನೋಡುವ ನರ್ಸಮ್ಮನಿಗೂ ಒಂದೇ ನಿಮಿಷದಲ್ಲಿ ಎಲ್ಲ ಸಿಗುತ್ತದೆ. ಮಗುವಿನ ಲಸಿಕೆಯೂ ಮುಂದೆ ಅದರಲ್ಲೇ ಬರೆಯುವುದು.

ಹೊರಡುವ ಮುಂಚೆ ಕೊನೆಯ ಭೇಟಿಯಲ್ಲಿ ಡಾಕ್ಟರಿಗೆ ಹೀಗೆ ಕೇಳಿ: ‘ಸರ್, ನಾವು ತವರಿಗೆ ಹೋಗ್ತಾ ಇದೀವಿ, ಇಲ್ಲಿವರೆಗಿನದು ಒಂದು ಚೀಟಿಯಲ್ಲಿ ಬರೆದುಕೊಡಿ.’ ಹೆಚ್ಚಿನವರು ಬರೆದುಕೊಡುತ್ತಾರೆ. ಎಲ್ಲ ಹಾಳೆಗಳ ಫೋಟೋ ತೆಗೆದು ಗಂಡ, ಅಮ್ಮ ಇಬ್ಬರ ಫೋನಿಗೂ ಹಾಕಿಡಿ.

ರಿಪೋರ್ಟಿನಲ್ಲಿ ಬರೆದಿರುವುದು ಏನು?

ಮೊದಲು ಹಿಮೋಗ್ಲೋಬಿನ್. ನಾವು ‘ರಕ್ತ ಕಡಿಮೆ’ ಅನ್ನುವುದು ಇದನ್ನೇ. ರಕ್ತದಲ್ಲಿ ಉಸಿರಿನ ಆಮ್ಲಜನಕವನ್ನು ಹೊತ್ತೊಯ್ಯುವ ಕೆಂಪು ವಸ್ತು ಅದು. ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ. ಹೆರಿಗೆಯಲ್ಲಿ ಯಾರಿಗಾದರೂ ಸ್ವಲ್ಪ ರಕ್ತ ಹೋಗಿಯೇ ಹೋಗುತ್ತದೆ. 11 ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ, 7 ಇರುವವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಕುತ್ತು. ಮಾತ್ರೆಯಿಂದ ಇದು ಏರಲು ವಾರಗಟ್ಟಲೆ ಬೇಕು. ಅದಕ್ಕೇ ಕೊನೆಯ ತಿಂಗಳಲ್ಲಿ ಕಡಿಮೆ ಬಂದರೆ ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಡುತ್ತಾರೆ, ತೀರಾ ಕಡಿಮೆಯಾದರೆ ರಕ್ತ ಹಾಕುತ್ತಾರೆ. ತವರಿಗೆ ಹೊರಡುವ ಹೊತ್ತಿನಲ್ಲಿ ಒಮ್ಮೆ, ಹೋದ ಮೇಲೆ ಒಮ್ಮೆ ನೋಡಿಸಿದರೆ ಡ್ರಿಪ್‌ಗಾದರೂ ಸಮಯ ಸಿಗುತ್ತದೆ.

ಬಿಪಿ 140/90 ಮುಟ್ಟಿದರೆ ಜಾಸ್ತಿ ಎಂದು ಲೆಕ್ಕ. ಐದು ತಿಂಗಳ ಮೇಲೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದು ಮುಂದೆ ಫಿಟ್ಸ್‌ಗೆ ತಿರುಗಬಹುದು. ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಅದೇ ಇದರ ಕಷ್ಟ. ಸಂಜೆ ಹೊತ್ತು ಕಾಲು ಊದುವುದು ಎಷ್ಟೋ ಬಸುರಿಯರಿಗೆ ಸಹಜ. ಬೆಳಗ್ಗೆ ಏಳುತ್ತಲೇ ಮುಖ ಊದಿರುವುದು, ಉಂಗುರ ಬಿಗಿಯಾಗುವುದು ಸಹಜವಲ್ಲ.

ಸಕ್ಕರೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸುರಿನ ಶುಗರ್. ಮೊದಲ ಭೇಟಿಯಲ್ಲಿ ಸರಿ ಇದ್ದರೂ 24ರಿಂದ 28 ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. ಕುಬುಸದ ಓಡಾಟ ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ, ಹಾಗಾಗಿ ಈ ಎರಡನೇ ಟೆಸ್ಟು ತಪ್ಪಿಹೋಗುವುದು ಸುಲಭ.

ರಕ್ತದ ಗುಂಪು ನೆಗೆಟಿವ್ ಇದ್ದರೆ ಇದನ್ನು ಎರಡು ಸಲ ಓದಿ. ತಾಯಿ ನೆಗೆಟಿವ್, ಗಂಡ ಪಾಸಿಟಿವ್ ಆದರೆ ಮಗುವೂ ಪಾಸಿಟಿವ್ ಇರಬಹುದು. ಮಗುವಿನ ರಕ್ತ ಒಂದಿಷ್ಟು ತಾಯಿಗೆ ಬೆರೆತರೆ ಅವಳ ದೇಹ ಅದನ್ನು ಹೊರಗಿನದು ಎಂದು ತಿಳಿದು ಅದರ ವಿರುದ್ಧ ತಯಾರಾಗುತ್ತದೆ. ಈ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮುಂದಿನ ಮಗುವಿಗೆ ತೊಂದರೆ. ಅದನ್ನು ತಡೆಯಲು ಆ್ಯಂಟಿ-ಡಿ ಇಂಜೆಕ್ಷನ್ ಇದೆ. 28ನೇ ವಾರದ ಹೊತ್ತಿಗೆ ಒಂದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಸಿಗುತ್ತದಾ ಅಂತ ಮೊದಲೇ ಕೇಳಿಡಿ. ನೆಗೆಟಿವ್ ರಕ್ತ ಕೊಡಬಲ್ಲ ಒಬ್ಬಿಬ್ಬರ ಫೋನ್ ನಂಬರೂ ಇರಲಿ.

ಸ್ಕ್ಯಾನಿಂಗ್ ಹಾಳೆಯಲ್ಲಿ ಜನರನ್ನು ಹೆದರಿಸುವ ಮಾತುಗಳು ನಾಲ್ಕು. ‘ಬ್ರೀಚ್’ ಅಂದರೆ ಮಗುವಿನ ತಲೆ ಮೇಲಿದೆ. ಏಳನೇ ತಿಂಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗು ಹೀಗೇ ಇರುತ್ತದೆ, ದಿನ ತುಂಬುವ ಹೊತ್ತಿಗೆ ನೂರಕ್ಕೆ ಮೂರೋ ನಾಲ್ಕೋ ಉಳಿಯುತ್ತವೆ. 36 ವಾರದ ಮೇಲೂ ತಿರುಗಿಲ್ಲ ಅಂದರೆ ಮಾತ್ರ ಯೋಚನೆ. ‘ಪ್ಲಾಸೆಂಟಾ ಲೋ’ ಅಂದರೆ ಮಾಸು ಗರ್ಭದ ಬಾಯಿಯ ಹತ್ತಿರ ಇದೆ. ಐದನೇ ತಿಂಗಳಲ್ಲಿ ಹಾಗಿದ್ದದ್ದು ಗರ್ಭ ಬೆಳೆದಂತೆ ಬಹುತೇಕರಲ್ಲಿ ಮೇಲೆ ಸರಿಯುತ್ತದೆ, ಎಂಟರ ಹೊತ್ತಿಗೆ ಮತ್ತೆ ನೋಡಲೇಬೇಕು. ‘ನೀರು ಕಡಿಮೆ’ ಅನ್ನುವುದನ್ನು ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ, 5ಕ್ಕಿಂತ ಕೆಳಗೆ ಹೋದರೆ ಕಡಿಮೆ ಅನ್ನುತ್ತಾರೆ. ಇನ್ನು ‘ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದೆ’ ಅನ್ನುವುದು. ಇದು ತುಂಬ ಮಕ್ಕಳಲ್ಲಿ ಇರುತ್ತದೆ, ಹೆಚ್ಚಿನವು ಏನೂ ತೊಂದರೆಯಿಲ್ಲದೆ ಹುಟ್ಟುತ್ತವೆ. ಗಂಡೋ ಹೆಣ್ಣೋ ಅನ್ನುವುದನ್ನು ಹೇಳುವುದೂ ಕೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಮಾತ್ರೆ, ಊಟ, ನೀರು

ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ, ಎರಡು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಡುವೆ ಎರಡು ಗಂಟೆಯಾದರೂ ಬಿಡಬೇಕು. ಟೀ, ಕಾಫಿಗೂ ಇದೇ ನಿಯಮ. ನಿಂಬೆಹಣ್ಣಿನ ಶರಬತ್ತಿನ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿಬಿಡಿ. ಮಾತ್ರೆ ತಿಂದರೆ ಮಗು ದಪ್ಪವಾಗಿ ಆಪರೇಷನ್ ಆಗುತ್ತದೆ, ಕಪ್ಪಾಗಿ ಹುಟ್ಟುತ್ತದೆ ಅನ್ನುವುದೆಲ್ಲ ಸುಳ್ಳು.

ಊಟದ ಬಗ್ಗೆ ಚಿತ್ರದುರ್ಗದವರಿಗೆ ಹೇಳಿಕೊಡುವುದು ಕಡಿಮೆ. ರಾಗಿ ಮುದ್ದೆಯಲ್ಲಿ ಕ್ಯಾಲ್ಸಿಯಂ ಇದೆ, ಮೇಲೆ ಸೊಪ್ಪಿನ ಸಾರು, ಹುರುಳಿಕಾಳು, ಮೊಟ್ಟೆ, ಶೇಂಗಾ ಇದ್ದರೆ ಸಾಕು. ಬಸುರಿ, ಬಾಣಂತಿಯರಿಗೆ ಪೌಷ್ಟಿಕ ಊಟ ಕೊಡುವ ಅಂಗನವಾಡಿಯ ಮಾತೃಪೂರ್ಣ ಯೋಜನೆ 2017ರಿಂದ ಇದೆ, ತವರಿನ ಅಂಗನವಾಡಿಯಲ್ಲಿ ಹೋದ ದಿನವೇ ವಿಚಾರಿಸಿ. ದಾವಣಗೆರೆಯ ಬಸುರಿಗೆ ಮಂಡಕ್ಕಿ ಮೆಣಸಿನಕಾಯಿಯ ಬಯಕೆ ಬಂದರೆ ತಪ್ಪೇನಲ್ಲ. ಎದೆಯುರಿ ಬರುವುದು ಖಂಡಿತ, ಹಾಗಾಗಿ ರಾತ್ರಿ ಹೊತ್ತು ಬೇಡ.

ನೀರಿನದು ಇಲ್ಲಿನ ವಿಶೇಷ ಮಾತು. ಚಿತ್ರದುರ್ಗ ಜಿಲ್ಲೆಯ, ಜಗಳೂರು ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಆಸ್ಪತ್ರೆ ಯಾವುದು, ಗಾಡಿ ಯಾರದ್ದು?

ತವರಿಗೆ ಹೋದ ಮೊದಲ ವಾರದಲ್ಲೇ ಇದು ತೀರ್ಮಾನವಾಗಬೇಕು. ಕೇಳಬೇಕಾದ್ದು ಮೂರೇ: ರಾತ್ರಿ ಹೊತ್ತೂ ಸಿಸೇರಿಯನ್ ಆಗುತ್ತದಾ, ರಕ್ತ ಸಿಗುತ್ತದಾ, ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆಯಾದರೆ ನೋಡುವ ಘಟಕ ಇದೆಯಾ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಹಜ ಹೆರಿಗೆ ಆಗಬಹುದು, ಆಪರೇಷನ್ ಆಗುವುದಿಲ್ಲ. ಏನೂ ತೊಂದರೆ ಇಲ್ಲದವರಿಗೆ ತಾಲ್ಲೂಕು ಆಸ್ಪತ್ರೆ ಸಾಕು. ಹಿಂದೆ ಸಿಸೇರಿಯನ್ ಆಗಿದ್ದವರು, ಅವಳಿ ಇರುವವರು, ಬಿಪಿ, ಶುಗರ್, ತೀವ್ರ ರಕ್ತಹೀನತೆ, ಕೆಳಗಿನ ಮಾಸು ಇರುವವರು ಜಿಲ್ಲಾ ಆಸ್ಪತ್ರೆಯನ್ನೋ ಮೆಡಿಕಲ್ ಕಾಲೇಜಿನ ಆಸ್ಪತ್ರೆಯನ್ನೋ ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಎರಡೂ ಇವೆ. ಮೊಳಕಾಲ್ಮೂರು ಕಡೆಯ ಬಹಳ ಜನ ಬಳ್ಳಾರಿಗೇ ಹೋಗುತ್ತಾರೆ. ಜಿಲ್ಲೆ ಯಾವುದಾದರೇನು, ಬೇಗ ತಲುಪುವುದು ಮುಖ್ಯ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೊಸ ಊರಿನ ಡಾಕ್ಟರಿಗೆ ಪರಿಚಯವಾಗಲು ಅದು ಒಳ್ಳೆಯ ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ ಎಲ್ಲವೂ 2011ರಿಂದ ಉಚಿತ.

ಗಾಡಿಗೆ 108. ಅದರ ಜೊತೆಗೆ ಊರಿನಲ್ಲಿ ಕಾರೋ ಟೆಂಪೋವೋ ಇರುವ ಇಬ್ಬರಿಗೆ ಮೊದಲೇ ಹೇಳಿಡಿ, ಒಬ್ಬರ ಗಾಡಿ ಬಾಡಿಗೆಗೆ ಹೋಗಿದ್ದರೆ ಇನ್ನೊಬ್ಬರು. ಹೆರಿಗೆ ಮುಗಿಸಿ ಮನೆಗೆ ಬರಲು ಸರ್ಕಾರಿ ಆಸ್ಪತ್ರೆಗಳ ನಗು-ಮಗು ವಾಹನ ಇದೆ, ಬಿಡುಗಡೆಯ ಹಿಂದಿನ ದಿನವೇ ಕೇಳಿ.

ಯಾವಾಗ ಓಡಬೇಕು?

ಚೊಚ್ಚಲಿನಲ್ಲಿ ಸುಳ್ಳು ನೋವು ಜಾಸ್ತಿ. ಎದ್ದು ಓಡಾಡಿದರೆ, ಮಗ್ಗುಲು ಬದಲಿಸಿದರೆ ಕಡಿಮೆಯಾದರೆ ಅದು ಸುಳ್ಳು ನೋವು. ನಿಜವಾದ ನೋವು ಸೊಂಟದಿಂದ ಮುಂದಕ್ಕೆ ಬರುತ್ತದೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ, ನಡುವಿನ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಬಂದು, ಒಂದು ನಿಮಿಷದಷ್ಟು ಇದ್ದು, ಒಂದು ಗಂಟೆ ಹಾಗೇ ಮುಂದುವರಿದರೆ ಹೊರಡಬೇಕು. ಆಸ್ಪತ್ರೆ ದೂರ ಇರುವ ಹಳ್ಳಿಯವರು ಅಷ್ಟು ಹೊತ್ತೂ ಕಾಯಬಾರದು.

ಇವಿಷ್ಟಕ್ಕೆ ನೋವನ್ನು ಕಾಯುವುದೇ ಬೇಡ, ಹಗಲೋ ರಾತ್ರಿಯೋ ಹೊರಡಿ: ರಕ್ತ ಹೋಗುವುದು, ನೀರು ಒಡೆಯುವುದು ಅಥವಾ ಸ್ವಲ್ಪ ಸ್ವಲ್ಪವೇ ಸೋರುವುದು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು, ಫಿಟ್ಸ್, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು. ಚಲನೆಯ ಬಗ್ಗೆ ಅನುಮಾನ ಬಂದರೆ ಏನಾದರೂ ತಿಂದು ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ ಆಸ್ಪತ್ರೆಗೆ ಹೋಗಿ. ದಿನ ತುಂಬಿದಾಗ ಮಗು ಆಡುವುದು ಕಡಿಮೆಯಾಗುತ್ತದೆ ಬಿಡು ಅಂತ ಯಾರೇ ಹೇಳಿದರೂ ನಂಬಬೇಡಿ.

ಚೀಲ 36 ವಾರಕ್ಕೆ ಸಿದ್ಧವಿರಲಿ. ತಾಯಿ ಕಾರ್ಡು, ರಿಪೋರ್ಟು, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್. ಮುಂದೆ ಗುಂಡಿ ಇರುವ ನೈಟಿ, ಪ್ಯಾಡು, ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆ ಹತ್ತಿ ಸೀರೆ, ಪಂಚೆಯ ತುಂಡುಗಳು, ಕುಲಾವಿ. ಹುಟ್ಟುವ ಮುಂಚೆ ಮಗುವಿಗೆ ಹೊಸ ಬಟ್ಟೆ ತರಬಾರದು ಅನ್ನುವ ಮನೆಗಳಿಗೆ ಹಳೆ ಸೀರೆಯೇ ಸಲೀಸು.

ಬಾಣಂತನದ ತಿಂಗಳುಗಳು

ಮೂರು ತಿಂಗಳೋ ಐದು ತಿಂಗಳೋ ಮಗು ತವರಲ್ಲೇ ಇರುತ್ತದೆ. ಹಾಗಾಗಿ ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ ಆದ ಮೇಲೆ ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳೂ ಅಲ್ಲೇ ಆಗಬೇಕು. ಗಂಡನ ಮನೆಗೆ ಹೋದ ಮೇಲೆ ಹಾಕಿಸೋಣ ಅಂತ ಮುಂದೂಡಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 42 ದಿನದೊಳಗೆ ಆರು ಸಲ ಬರಬೇಕು. ಗಂಡನ ಮನೆಯ ಆಶಾಗೆ ನೀವು ಊರಲ್ಲಿಲ್ಲ ಅಂತ ಗೊತ್ತು, ತವರಿನ ಆಶಾಗೆ ನೀವು ಬಂದಿದ್ದೀರಿ ಅಂತ ಗೊತ್ತಿರಬೇಕಲ್ವಾ? ಬಂದ ದಿನವೇ ಹೇಳಿ.

ಅಜ್ಜಿಯಂದಿರ ಬಾಣಂತನದಲ್ಲಿ ಎಣ್ಣೆ ಸ್ನಾನ, ಬೆಚ್ಚಗಿನ ಕೋಣೆ, ವಿಶ್ರಾಂತಿ ಎಲ್ಲ ಇರಲಿ. ಬಿಡಬೇಕಾದ್ದು ಕೆಲವು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು. ಸಕ್ಕರೆ ನೀರು ಬೇಡ. ಜೇನುತುಪ್ಪ ಒಂದು ವರ್ಷದವರೆಗೂ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಿನಲ್ಲಿ ವಿಷ ಉಂಟುಮಾಡುತ್ತದೆ. ಹೊಕ್ಕುಳಿಗೆ ಎಣ್ಣೆ, ಬೂದಿ ಹಚ್ಚದೆ ಒಣಗಲು ಬಿಡಿ. ಮಗುವಿನ ಮೂಗು, ಕಿವಿಗೆ ಎಣ್ಣೆ ಬಿಡಬೇಡಿ. ಸಾಂಬ್ರಾಣಿ ಹೊಗೆಯನ್ನು ಮಗುವಿಗೆ ಹಿಡಿಯಬೇಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುತ್ತಾರೆ. ಹಾಲೂಡಿಸುವವಳಿಗೆ ನೀರು ಬೇರೆಯವರಿಗಿಂತ ಜಾಸ್ತಿಯೇ ಬೇಕು. ಕೆಲವು ಹಟ್ಟಿಗಳಲ್ಲಿ ಬಾಣಂತಿ, ಮಗುವನ್ನು ಊರ ಹೊರಗೆ ಗುಡಿಸಲಲ್ಲಿ ಇರಿಸುವ ರೂಢಿ ಇನ್ನೂ ಇದೆ. ಎಳೆ ಮಗುವಿನ ಮೈ ಬಹಳ ಬೇಗ ತಣ್ಣಗಾಗುತ್ತದೆ, ಗಾಳಿ ಮಳೆಯಲ್ಲಿ ಅದಕ್ಕೆ ಜೀವಾಪಾಯ ಇದೆ.

ದುಡ್ಡು ಮತ್ತು ಜನನ ಪ್ರಮಾಣ ಪತ್ರ

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಖಾತೆ ತಾಯಿಯ ಹೆಸರಲ್ಲೇ ಇದ್ದು ಆಧಾರ್ ಜೋಡಣೆ ಆಗಿರಬೇಕು. ಯಾರಿಗೆ ಸಿಗುತ್ತದೆ ಅನ್ನುವುದಕ್ಕೆ ಷರತ್ತುಗಳಿವೆ, ಅಂಗನವಾಡಿಯಲ್ಲಿ ಕೇಳಿ. ಅರ್ಜಿಯನ್ನು ತವರಿಗೆ ಹೊರಡುವ ಮುಂಚೆಯೇ ಹಾಕಿದರೆ ಎರಡು ಊರಿನ ನಡುವೆ ಕಾಗದ ಅಲೆಯುವುದು ತಪ್ಪುತ್ತದೆ.

ಮಗುವಿನ ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ಗಂಡನ ಊರಿನಲ್ಲಲ್ಲ. ಚಳ್ಳಕೆರೆಯಲ್ಲಿ ಹುಟ್ಟಿದರೆ ದಾವಣಗೆರೆ ಪಾಲಿಕೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ್ದನ್ನು ಆಸ್ಪತ್ರೆಯವರೇ 21 ದಿನದೊಳಗೆ ತಿಳಿಸುತ್ತಾರೆ, ಆದರೆ ಅವರು ಬರೆಯುವುದು ನೀವು ಹೇಳಿದ್ದನ್ನೇ. ಅಪ್ಪ ಅಮ್ಮನ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಅಂತ ಬಿಡುಗಡೆಗೆ ಮುಂಚೆ ನೋಡಿ. ಕಾಯಂ ವಿಳಾಸದ ಜಾಗದಲ್ಲಿ ತವರಿನದು ಬರೆಸಬೇಡಿ. ನಾಮಕರಣ ಆಗಿಲ್ಲ ಅಂತ ಕಾಯಬೇಕಿಲ್ಲ, ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಆಧಾರ್ ಮಾಡಿಸಲು, ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಇದೇ. ಬಾಣಂತನ ಮುಗಿಸಿ ಹೊರಡುವ ಮುಂಚೆ ಪ್ರಮಾಣ ಪತ್ರದ ಎರಡು ಪ್ರತಿ ಅಲ್ಲೇ ಇಸಿದುಕೊಂಡು ಬನ್ನಿ.